ಬಸುರಿ ಇರುವ ಮನೆಗೆ ಬಿ.ಪಿ. ಮಷೀನ್: ಮೊದಲು ತೋಳು ಅಳೆಯಿರಿ

ರಾಯಚೂರು, ಸಿಂಧನೂರು ಕಡೆಯ ಮೆಡಿಕಲ್ ಅಂಗಡಿಗಳಲ್ಲಿ ಸಿಗುವ ಡಿಜಿಟಲ್ ಬಿ.ಪಿ. ಮಷೀನ್ ಎರಡು ಬಗೆ. ಒಂದು ಮಣಿಕಟ್ಟಿಗೆ, ಒಂದು ತೋಳಿಗೆ. ಬಸುರಿಗೆ ತೋಳಿನದೇ ಬೇಕು. ಮಣಿಕಟ್ಟಿನದು ಕೈ ಸ್ವಲ್ಪ ಕೆಳಗಿಳಿದರೂ ಬೇರೆ ಅಂಕಿ ಹೇಳುತ್ತದೆ.

ತೋಳಿನದರಲ್ಲೂ ಕೆಲಸ ಕೆಡುವುದು ತೋಳಿಗೆ ಸುತ್ತುವ ಪಟ್ಟಿಯಿಂದ (ಕಫ್). ಡಬ್ಬಿಯ ಜೊತೆ ಬರುವ ಪಟ್ಟಿ ಸಾಮಾನ್ಯವಾಗಿ 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ. ಭುಜ, ಮೊಣಕೈಗಳ ನಟ್ಟನಡುವೆ ದರ್ಜಿ ಟೇಪು ಹಿಡಿದು ನೋಡಿ. ದಪ್ಪ ತೋಳಿಗೆ ಪಟ್ಟಿ ಚಿಕ್ಕದಾದರೆ ಇಲ್ಲದ ಬಿ.ಪಿ. ಕಾಣುತ್ತದೆ, ಆಸ್ಪತ್ರೆಗೆ ಒಂದು ಓಡಾಟ ಹೆಚ್ಚಾದೀತು. ಅಂಜಬೇಕಾದದ್ದು ಇದರ ಉಲ್ಟಾ ತಪ್ಪಿಗೆ. ತೆಳ್ಳಗಿನ ಹೆಣ್ಣುಮಕ್ಕಳ ತೋಳು 20 ಸೆಂ.ಮೀ. ಇದ್ದರೆ ಪಟ್ಟಿ ದೊಡ್ಡದಾಗಿ, ಏರಿದ ಒತ್ತಡವೂ ಇಳಿದಂತೆ ತೋರುತ್ತದೆ. ಅಂಥವರಿಗೆ ಚಿಕ್ಕ ಪಟ್ಟಿ ತರಿಸಿಕೊಳ್ಳಿ; ಅಂಗಡಿಯವರು ‘ನಡೀತದ ತಗೋರಿ’ ಅಂದರೆ ಒಪ್ಪಬೇಡಿ.

ದೊಡ್ಡ ಕೊರತೆ ಇನ್ನೊಂದಿದೆ. ಗರ್ಭನಂಜು (ಬಸುರಿಯಲ್ಲಿ ಬಿ.ಪಿ. ಏರಿ, ಹೆಚ್ಚಾಗಿ ಮೂತ್ರದಲ್ಲಿ ಪ್ರೋಟೀನ್ ಹೋಗುವ ಕಾಯಿಲೆ) ಶುರುವಾದವರಲ್ಲಿ ಹಲವು ಮಷೀನ್‌ಗಳು ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತವೆ. ಗರ್ಭಿಣಿಯರ ಮೇಲೆ ಪರೀಕ್ಷೆಯಾದ ಮಾದರಿಯೇ ಎಂದು ಕೇಳಿ ಕೊಳ್ಳಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಯಲ್ಲಿ ನಡೆಯುವ ಗರ್ಭಿಣಿಯರ ತಪಾಸಣೆಗೆ ತಾಯಿ ಕಾರ್ಡಿನ ಜೊತೆ ಮಷೀನನ್ನೂ ಒಯ್ದು, ಅಲ್ಲಿನ ಅಂಕಿಯೊಡನೆ ಹೋಲಿಸಿ. ಮೂತ್ರದ ಪ್ರೋಟೀನ್ ಪರೀಕ್ಷೆಯನ್ನೂ ಅಲ್ಲೇ ಮಾಡಿಸಿ. ಅದನ್ನು ಯಾವ ಮಷೀನೂ ಹೇಳದು.

ನೋಡುವ ಮುಂಚೆ ಮೂತ್ರಕ್ಕೆ ಹೋಗಿಬಂದು, ಬೆನ್ನಿಗೆ ಆನಿಕೆ ಕೊಟ್ಟು, ಪಾದ ನೆಲಕ್ಕೂರಿ 5 ನಿಮಿಷ ಸುಮ್ಮನೆ ಕೂರಬೇಕು. ಬಿಗಿ ಕುಪ್ಪಸದ ತೋಳನ್ನು ಮೇಲಕ್ಕೆ ಸುತ್ತಬೇಡಿ, ಅದೇ ಹಗ್ಗದಂತೆ ಹಿಡಿಯುತ್ತದೆ, ಕುಪ್ಪಸದಿಂದ ಕೈಯನ್ನೇ ಹೊರಗೆ ತೆಗೆದುಬಿಡಿ. ಕೈ ಎದೆಯ ಮಟ್ಟದಲ್ಲಿರಲಿ, ಮಾತು ಬೇಡ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ, ಎರಡನ್ನೂ ಬರೆದಿಡಿ. ಬಹುತೇಕ ಮಷೀನ್‌ಗಳು 40 ಡಿಗ್ರಿವರೆಗಿನ ಬಿಸಿಗಷ್ಟೇ ತಯಾರಾದವು. ಮೇ ತಿಂಗಳಲ್ಲಿ ತಗಡಿನ ಮನೆಯಲ್ಲಿ ಮಧ್ಯಾಹ್ನ ನೋಡಿ ಪ್ರಯೋಜನವಿಲ್ಲ.

20 ವಾರದ ಮೇಲೆ 140/90 ಮುಟ್ಟಿದರೆ ಅದೇ ದಿನ ವೈದ್ಯರಿಗೆ ತೋರಿಸಿ. 160/110 ಮುಟ್ಟಿದರೆ 108ಕ್ಕೆ ಕರೆ ಮಾಡಿ. ತಡೆಯದ ತಲೆನೋವು, ಕಣ್ಣು ಮಂಜಾಗುವುದು, ಬಲ ಪಕ್ಕೆಲುಬಿನ ಕೆಳಗೆ ನೋವು ಇದ್ದರೆ ಅಂಕಿ ಎಷ್ಟೇ ಇರಲಿ, ಹೊರಡಿ.

ಮಳೆಗಾಲದ ಡೆಂಗಿಯಲ್ಲಿ ಇದೇ ಮಷೀನನ್ನು ಬೇರೆ ಕಣ್ಣಿಂದ ಓದಬೇಕು. ಮೇಲಿನ ಅಂಕಿಗೂ ಕೆಳಗಿನದಕ್ಕೂ ಅಂತರ 20 ಅಥವಾ ಅದಕ್ಕಿಂತ ಕಡಿಮೆಯಾದರೆ, 100/80 ನೋಡಲು ಚೆನ್ನಾಗಿದ್ದರೂ, ರಕ್ತಸಂಚಾರ ಕುಸಿಯುತ್ತಿದೆ ಎಂದರ್ಥ. ಜ್ವರ ಇಳಿಯುವ ಹೊತ್ತೇ ಹೆಚ್ಚು ಅಪಾಯದ್ದು. ಡೆಂಗಿಯಲ್ಲೂ ತೀವ್ರ ಗರ್ಭನಂಜಿನಲ್ಲೂ ಪ್ಲೇಟ್ಲೆಟ್ ಇಳಿದು ಲಿವರ್ ಪರೀಕ್ಷೆ ಏರುಪೇರಾಗುತ್ತದೆ. ಆಗ ಹಿಂದಿನ ವಾರಗಳ ಬಿ.ಪಿ. ಬರೆದ ಹಾಳೆ ವೈದ್ಯರಿಗೆ ಬಹಳ ನೆರವಾಗುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಡೈಕ್ಲೋಫೆನಾಕ್ ಸೂಜಿ, ಐಬುಪ್ರೊಫೆನ್ ಬೇಡ.

ಕುಬಸ ಮುಗಿಸಿ ತವರಿಗೆ ಹೊರಟಾಗ ಮಷೀನು, ಹಾಳೆ ಎರಡೂ ಅವಳ ಜೊತೆಗೇ ಹೋಗಲಿ. ಹೆರಿಗೆಯಾಯಿತೆಂದು ಕಪಾಟಿಗೆ ಇಡಬೇಡಿ: ಒತ್ತಡ ಮತ್ತೆ ಏರುವುದು ಹೆಚ್ಚಾಗಿ 3ರಿಂದ 6ನೇ ದಿನದೊಳಗೆ, ಬಾಣಂತಿ ಮನೆಗೆ ಬಂದ ಮೇಲೆ. 6 ವಾರ ಅದು ಅವಳ ತಲೆದಿಂಬಿನ ಬಳಿಯೇ ಇರಲಿ.