ನಾಯಿಗೆ ಉಣ್ಣಿ ಮಾತ್ರೆ: ಹಲವು ಮಳೆಗಾಲ ಕೊಟ್ಟು ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಈ ಮಾತ್ರೆ ಕೆಲಸ ಮಾಡುತ್ತದೆ. ಆದರೆ ಮೊದಲ ತಿಂಗಳು ನೋಡಿದವರು "ದುಡ್ಡು ದಂಡ" ಅಂತ ಬೈದು ಬಿಟ್ಟುಬಿಡುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಹೇಳುತ್ತಿರುವುದು ಫ್ಲುರಲೇನರ್ ಅನ್ನುವ ಔಷಧ ಇರುವ, ನಾಯಿ ಅಗಿದು ತಿನ್ನುವ ಮಾತ್ರೆಯ ಬಗ್ಗೆ. ಒಂದು ಕೊಟ್ಟರೆ ಹನ್ನೆರಡು ವಾರ ನಡೆಯುತ್ತದೆ. ನಮ್ಮ ಕೆಂಚಿ ಮುಧೋಳ ಬೆರಕೆ, 23 ಕಿಲೋ ತೂಗುತ್ತಾಳೆ. 20ರಿಂದ 40 ಕಿಲೋ ಒಳಗಿನ ನಾಯಿಗೆ ಕೊಡುವ 1000 ಮಿಲಿಗ್ರಾಂ ಮಾತ್ರೆ ಅವಳದು.

ಧಾರವಾಡದಲ್ಲಿ ನಾಯಿ ಸಾಕಿದವರಿಗೆ ಉಣ್ಣಿ ಕಾಟ ಬಿಡಿಸಿ ಹೇಳಬೇಕಾಗಿಲ್ಲ. ಕೆಲಗೇರಿ ಕೆರೆ ಕಡೆ ಹುಲ್ಲಿನಲ್ಲಿ ಓಡಾಡಿದ್ದಕ್ಕೆ ಹತ್ತಿತು ಅಂತ ಎಲ್ಲರೂ ಅನ್ನುತ್ತಾರೆ. ಸ್ವಲ್ಪ ಮಟ್ಟಿಗೆ ಅದು ಖರೆ. ಆದರೆ ನಾಯಿಗೆ ಹತ್ತುವ ಕಂದು ಉಣ್ಣಿ ಜಾಸ್ತಿ ಸಂಸಾರ ಹೂಡುವುದು ನಮ್ಮ ಮನೆಯಲ್ಲೇ. ರಕ್ತ ಕುಡಿದು ಔಡಲ ಬೀಜದಷ್ಟು ಊದಿದ ಹೆಣ್ಣು ಉಣ್ಣಿ ನಾಯಿಯ ಮೈಯಿಂದ ಕೆಳಗೆ ಉದುರುತ್ತದೆ. ಆಮೇಲೆ ಗೋಡೆ ಹತ್ತಿ ಬಿರುಕಿನಲ್ಲೋ, ಬಾಗಿಲ ಚೌಕಟ್ಟಿನ ಸಂದಿಯಲ್ಲೋ ಸಾವಿರಾರು ಮೊಟ್ಟೆ ಇಡುತ್ತದೆ. ಮರಿ ದೊಡ್ಡದಾಗುವಷ್ಟರಲ್ಲಿ ಮೂರು ಸಲ ನಾಯಿಯ ಮೈ ಹತ್ತುತ್ತದೆ, ಪ್ರತಿ ಸಲ ಇಳಿದು ಹೋಗಿ ಅದೇ ಸಂದಿ ಸೇರುತ್ತದೆ. ಊಟ ಸಿಗದಿದ್ದರೂ ತಿಂಗಳುಗಟ್ಟಲೆ ಬದುಕುತ್ತದೆ. ನಮ್ಮದು ಹಂಚಿನ ಹಳೇ ಮನೆ, ಪಡಸಾಲೆಗೆಲ್ಲ ಕಲ್ಲು ಹಾಸು. ಸಂದಿಗಳಿಗೆ ಬರವೇ ಇಲ್ಲ.

ಈ ಮಾತ್ರೆ ಉಣ್ಣಿಯನ್ನು ಓಡಿಸುವುದಿಲ್ಲ. ಔಷಧ ನಾಯಿಯ ರಕ್ತದಲ್ಲಿರುತ್ತದೆ, ಉಣ್ಣಿ ಬಂದು ಕಚ್ಚಿದ ಮೇಲೆಯೇ ಸಾಯುವುದು. ಹಾಗಾಗಿ ಮಾತ್ರೆ ಕೊಟ್ಟ ಮೇಲೂ ಗೋಡೆಯಲ್ಲಿದ್ದವು ಒಂದೊಂದಾಗಿ ಬರುತ್ತಲೇ ಇರುತ್ತವೆ. ಬಂದದ್ದು ಮಾತ್ರ ವಾಪಸ್ ಹೋಗಿ ಮೊಟ್ಟೆ ಇಡುವುದಿಲ್ಲ. ನಮ್ಮಲ್ಲೂ ಮೊದಲ ವಾರಗಳಲ್ಲಿ ಕೆಂಚಿಯ ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಉಣ್ಣಿ ಕಾಣುತ್ತಿದ್ದವು. ಆದರೆ ಊದಿದ್ದು ಒಂದೂ ಇಲ್ಲ. ಬೆಳಿಗ್ಗೆ ಅವಳ ಗೋಣಿಚೀಲ ಝಾಡಿಸಿದರೆ ಕಾಲು ಮುದುಡಿಕೊಂಡು ಒಣಗಿದ ಚಪ್ಪಟೆ ಉಣ್ಣಿಗಳು ಉದುರುತ್ತಿದ್ದವು. ಬೆರಳಲ್ಲಿ ಮುಟ್ಟಿದರೆ ಅಲುಗಾಟವಿಲ್ಲ. ಎರಡನೇ ಮಾತ್ರೆ ಮುಗಿಯುವ ಹೊತ್ತಿಗೆ ಗೋಡೆ ಮೇಲೆ ಹರಿದಾಡುವುದು ನಿಂತೇಹೋಯಿತು. ಸಂದಿಗಳಿಗೆ ಸಿಮೆಂಟ್ ತುಂಬಿಸಿದ್ದು, ಗೋಣಿಚೀಲವನ್ನು ವಾರವಾರ ಕುದಿನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಿದ್ದು ಕೂಡ ಇದಕ್ಕೆ ಕಾರಣ. ಬರೀ ಮಾತ್ರೆ ನಂಬಿಕೊಂಡರೆ ಇನ್ನೂ ತಡವಾಗುತ್ತಿತ್ತು.

ಇನ್ನೊಂದು ಅನುಕೂಲ, ಸ್ನಾನದ ತಕರಾರಿಲ್ಲ. ಬೆನ್ನಿಗೆ ಹಾಕುವ ಡ್ರಾಪ್ಸ್ ಆದರೆ ಹಿಂದೆ ಮುಂದೆ ಎರಡು ದಿನ ಮೈ ತೊಳೆಯುವಂತಿಲ್ಲ. ಇದು ಹೊಟ್ಟೆಗೆ ಹೋಗುವ ಔಷಧ, ಮಳೆಯಲ್ಲಿ ನೆನೆದರೂ ಚಿಂತೆಯಿಲ್ಲ.

ಬೆಲೆ ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ. ದೊಡ್ಡ ಮಾತ್ರೆ ತಂದು ಎರಡು ಸಣ್ಣ ನಾಯಿಗೆ ಮುರಿದು ಕೊಡೋಣ ಅನ್ನುವವರಿದ್ದಾರೆ. ದಯವಿಟ್ಟು ಬೇಡ, ಇದನ್ನು ಮುರಿಯದೆ ಇಡಿಯಾಗಿಯೇ ಕೊಡಬೇಕು. ಅದಕ್ಕಿಂತ ಕೆಟ್ಟದ್ದು, ಗೊಬ್ಬರದ ಅಂಗಡಿಯಿಂದ ದನದ ಉಣ್ಣಿ ಔಷಧ ತಂದು ಅಂದಾಜಿನಲ್ಲಿ ನೀರು ಬೆರೆಸಿ ನಾಯಿಗೆ ಹಚ್ಚುವುದು. ನಾಯಿ ಮೈ ನೆಕ್ಕುತ್ತದೆ ಅಲ್ವಾ? ಆ ವಿಷ ಸೀದಾ ಹೊಟ್ಟೆಗೇ ಹೋಗುತ್ತದೆ. ಮನೆಯಲ್ಲಿ ಬೆಕ್ಕೂ ಇದ್ದರೆ ಅದರ ಜೀವಕ್ಕೇ ಕುತ್ತು. ಸೀಮೆಎಣ್ಣೆ ಸವರುವುದೂ ಅಷ್ಟೇ ತಪ್ಪು.

ಕಚ್ಚಿದ ಮೇಲೆ ಸಾಯುವ ಕಾರಣಕ್ಕೆ ಉಣ್ಣಿ ಜ್ವರದ ಭಯ ಪೂರ್ತಿ ಹೋಗುವುದಿಲ್ಲ, ಕಡಿಮೆಯಾಗುತ್ತದೆ ಅಷ್ಟೇ. ಆದ್ದರಿಂದ ವಾಕಿಂಗ್ ಮುಗಿಸಿ ಬಂದಾಗ ಕಿವಿ, ಬೆರಳ ಸಂದಿ, ಕೊರಳಪಟ್ಟಿಯ ಕೆಳಗೆ ಕೈಯಾಡಿಸುವುದನ್ನು ನಾನು ಬಿಟ್ಟಿಲ್ಲ. ಉಣ್ಣಿ ಸಿಕ್ಕರೆ ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಬೇಕು, ಹಿಚುಕಬಾರದು. ನಾಯಿ ಊಟ ಬಿಟ್ಟರೆ, ಒಸಡು ಬೆಳ್ಳಗಾದರೆ, ಮೂಗಿನಲ್ಲಿ ರಕ್ತ ಬಂದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅವತ್ತೇ ಡಾಕ್ಟರ್ ಹತ್ತಿರ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿ. ನಾಳೆ ನೋಡೋಣ ಅನ್ನಬೇಡಿ.

ಕೊಡುವ ಕ್ರಮ ಸುಲಭ. ಖಾಲಿ ಹೊಟ್ಟೆಯಲ್ಲಿ ಬೇಡ, ಊಟದ ಜೊತೆ ಕೊಟ್ಟರೆ ಔಷಧ ಚೆನ್ನಾಗಿ ಮೈಗೆ ಹಿಡಿಯುತ್ತದೆ. ಕೆಂಚಿಗೆ ಬಿಸಿ ರೊಟ್ಟಿಗೆ ತುಪ್ಪ ಸವರಿ ಅದರಲ್ಲಿ ಸುತ್ತಿ ಕೊಡುತ್ತೇನೆ. ಒಮ್ಮೊಮ್ಮೆ ಆ ದಿನ ಸ್ವಲ್ಪ ಮಂಕಾಗಿರುತ್ತಾಳೆ, ಮರುದಿನ ಸರಿಹೋಗುತ್ತಾಳೆ. ಮುಂದಿನ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ. ಬೇಸಿಗೆಯಲ್ಲೂ ತಪ್ಪಿಸುವುದಿಲ್ಲ, ಮನೆಯೊಳಗಿನ ಉಣ್ಣಿಗೆ ಸೆಖೆ ಅಂದರೆ ಇನ್ನೂ ಹುರುಪು. ಇದು ಉಣ್ಣಿ, ಚಿಗಟದಂಥ ಮೈಗೆ ಹತ್ತುವ ಹುಳಗಳಿಗೆ ಮಾತ್ರ ಅನ್ನುವುದೂ ನೆನಪಿರಲಿ. ಜಂತಿನ ಮಾತ್ರೆ, ರೇಬಿಸ್ ಲಸಿಕೆ ಬೇರೆಯಾಗಿಯೇ ಆಗಬೇಕು.

ಎಲ್ಲ ನಾಯಿಗೂ ಇದು ಸರಿಹೊಂದುವುದಿಲ್ಲ. ಫ್ಲುರಲೇನರ್ ಸೇರಿದ ಐಸೊಕ್ಸಜೋಲಿನ್ ಗುಂಪಿನ ಔಷಧಗಳಿಂದ ಕೆಲವು ನಾಯಿಗಳಿಗೆ ನಡುಕ, ಫಿಟ್ಸ್ ಬರಬಹುದು ಅಂತ 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿದೆ. ಗದಗಿನಲ್ಲಿರುವ ನನ್ನ ತಂಗಿಯ ನಾಯಿಗೆ ಮೊದಲಿನಿಂದಲೂ ಫಿಟ್ಸ್ ಇದೆ. ಡಾಕ್ಟರು ಕೇಳಿದ ತಕ್ಷಣ ಈ ಮಾತ್ರೆ ಬೇಡ ಎಂದರು. ಅದಕ್ಕೆ ಉಣ್ಣಿ ತಡೆಯುವ ಕೊರಳಪಟ್ಟಿ ಕಟ್ಟಿದ್ದಾರೆ, ದಿನಾ ಸಂಜೆ ಮೈಯೆಲ್ಲ ಕೈಯಾಡಿಸಿ ನೋಡುತ್ತಾರೆ. ಹೊಸದಾಗಿ ಶುರು ಮಾಡುವವರು ನಾಯಿಯ ತೂಕ ಹಾಕಿಸಿ, ಹಿಂದೆ ಫಿಟ್ಸ್ ಬಂದಿತ್ತಾ ಅನ್ನುವುದನ್ನು ಡಾಕ್ಟರಿಗೆ ಹೇಳಿ, ಆಮೇಲೆ ಮಾತ್ರೆ ತೆಗೆದುಕೊಳ್ಳಿ.