ಹಳೆಯದನ್ನು ಮೊದಲು ಅಳಿಸುವುದೋ, ಹೊಸದನ್ನು ಮೊದಲು ಕಟ್ಟುವುದೋ: ಟೆರಾಫಾರ್ಮ್ ಮತ್ತು ಪುಲುಮಿ

ಟೆರಾಫಾರ್ಮ್ ಮತ್ತು ಪುಲುಮಿ, ಸರ್ವರ್, ಡೇಟಾಬೇಸ್‌ನಂಥ ಕ್ಲೌಡ್ ಸೌಕರ್ಯಗಳನ್ನು (ರಿಸೋರ್ಸ್‌ಗಳನ್ನು) ಕೋಡ್ ಬರೆದು ಕಟ್ಟುವ ಟೂಲ್‌ಗಳು. ಒಂದು ರಿಸೋರ್ಸ್ ಇನ್ನೊಂದರ ಐಡಿಯನ್ನು ಬಳಸಿದರೆ ಸಾಕು, ಎರಡೂ ಟೂಲ್‌ಗಳು ಅವಲಂಬನೆಯನ್ನು ತಾವೇ ಗುರುತಿಸಿ ಕಟ್ಟುವ ಕ್ರಮ ನಿರ್ಧರಿಸುತ್ತವೆ. ಅಳಿಸುವಾಗ ಅದೇ ಕ್ರಮ ತಿರುವುಮುರುವು. ಇಷ್ಟರಲ್ಲಿ ವ್ಯತ್ಯಾಸವಿಲ್ಲ.

ವ್ಯತ್ಯಾಸ ಕಾಣುವುದು ಒಂದನ್ನು ತೆಗೆದು ಇನ್ನೊಂದನ್ನು ಇಡುವಾಗ. ಏನೂ ಹೇಳದಿದ್ದರೆ ಟೆರಾಫಾರ್ಮ್ ಹಳೆಯದನ್ನು ಅಳಿಸಿ, ಆಮೇಲೆ ಹೊಸದನ್ನು ಕಟ್ಟುತ್ತದೆ. ನಡುವೆ ಸೇವೆ ನಿಲ್ಲಬಹುದು. ತಪ್ಪಿಸಲು ರಿಸೋರ್ಸ್‌ನ ಕೋಡ್‌ನಲ್ಲಿರುವ ಲೈಫ್‌ಸೈಕಲ್ ಬ್ಲಾಕ್‌ನಲ್ಲಿ ‘ಕ್ರಿಯೇಟ್ ಬಿಫೋರ್ ಡಿಸ್ಟ್ರಾಯ್’ (ಅಳಿಸುವ ಮುನ್ನ ಕಟ್ಟು) ಹಾಕಬೇಕು. ಆಗ ಹೆಸರು ಅಡ್ಡ ಬರುತ್ತದೆ: ಒಂದೇ ಹೆಸರಿನ ಎರಡು ಲೋಡ್ ಬ್ಯಾಲೆನ್ಸರ್‌ಗಳು (ಟ್ರಾಫಿಕ್ಕನ್ನು ಸರ್ವರ್‌ಗಳಿಗೆ ಹಂಚುವಂಥವು) ಒಟ್ಟಿಗೆ ಇರಲಾರವು. ಈ ಸೆಟ್ಟಿಂಗ್ ಆ ರಿಸೋರ್ಸ್ ಅವಲಂಬಿಸಿದ ಉಳಿದವಕ್ಕೂ ಹರಡುತ್ತದೆ. ಇದನ್ನು ಮರೆತರೆ ಪ್ಲಾನ್, ಅಂದರೆ ಏನೇನು ಬದಲಾಗಲಿದೆ ಎಂದು ಟೂಲ್ ಮೊದಲೇ ತೋರಿಸುವ ಪಟ್ಟಿ, ಓದುವಾಗ ಗೊಂದಲ ಖಚಿತ.

ಪುಲುಮಿ ತದ್ವಿರುದ್ಧ. ಹೊಸದನ್ನು ಮೊದಲು ಕಟ್ಟುತ್ತದೆ; ಹೆಸರು ಅಡ್ಡ ಬರದಂತೆ ಬಹುತೇಕ ರಿಸೋರ್ಸ್‌ಗಳ ಹೆಸರಿಗೆ ತಾನೇ ಯಾದೃಚ್ಛಿಕ ಬಾಲ ಸೇರಿಸುತ್ತದೆ. ಹೆಸರು ಬದಲಾಗಲೇಬಾರದು ಎಂದರೆ ಹಳೆಯದನ್ನು ಮೊದಲು ಅಳಿಸುವ ‘ಡಿಲೀಟ್ ಬಿಫೋರ್ ರಿಪ್ಲೇಸ್’ ಇದೆ.

ಸದಾ ಟ್ರಾಫಿಕ್ ಇರುವ ಸೇವೆಗೆ ನನ್ನ ಒಲವು ಪುಲುಮಿಯ ಡೀಫಾಲ್ಟ್ ಕಡೆಗೆ. ಹೆಸರುಗಳೆಲ್ಲ ಮೊದಲೇ ನಿಗದಿಯಾಗಿದ್ದರೆ ಟೆರಾಫಾರ್ಮ್‌ನ ಕ್ರಮವೇ ಸರಳ. ಡೇಟಾಬೇಸ್‌ಗೆ ಎರಡೂ ಕ್ರಮಗಳು ಅಪಾಯವೇ, ಹೊಸದು ಖಾಲಿಯಾಗಿ ಹುಟ್ಟುತ್ತದೆ. ಅಲ್ಲಿ ಅಳಿಸುವುದನ್ನು ತಡೆಯುವ ಟೆರಾಫಾರ್ಮ್‌ನ ‘ಪ್ರಿವೆಂಟ್ ಡಿಸ್ಟ್ರಾಯ್’ ಅಥವಾ ಪುಲುಮಿಯ ‘ಪ್ರೊಟೆಕ್ಟ್’ ಹಾಕದೆ ಮುಂದೆ ಹೋಗಬೇಡಿ.

ಅವಲಂಬನೆಯನ್ನು ನಾವೇ ಬರೆದು ತಿಳಿಸುವ ‘ಡಿಪೆಂಡ್ಸ್ ಆನ್’ ಎರಡರಲ್ಲೂ ಇದೆ. ಸರ್ವರ್ ಏಳುವ ಮುನ್ನ ಅದರ ಅನುಮತಿ ಪಾಲಿಸಿ ಸಿದ್ಧವಿರಬೇಕು ಎಂಬಂಥ, ಕೋಡ್‌ನಲ್ಲಿ ಕಾಣದ ನಂಟಿಗೆ ಮಾತ್ರ ಅದನ್ನು ಬಳಸಿ.