ಡಿಪ್‌ಸ್ಟಿಕ್ ಟ್ಯೂಬ್ ಬದಲಿಸಿದ್ದೀರಾ? ಕಡ್ಡಿ ತೋರಿಸುವ ಲೆವೆಲ್ ನಂಬುವ ಮೊದಲು ಇದನ್ನು ಓದಿ

ಹಳೆ ಕಾರು ಇಟ್ಟುಕೊಂಡಿರುವ ಎಲ್ಲರಿಗೂ ಒಂದು ಎಚ್ಚರಿಕೆ. ಎಂಜಿನ್‌ನ ಡಿಪ್‌ಸ್ಟಿಕ್ ಟ್ಯೂಬ್, ಅಂದರೆ ಆಯಿಲ್ ಅಳೆಯುವ ಕಡ್ಡಿ ಇಳಿಯುವ ಕೊಳವೆ, ಬದಲಾಯಿಸಿದ ಮೇಲೆ ಕಡ್ಡಿ ತೋರಿಸುವ ಆಯಿಲ್ ಲೆವೆಲನ್ನು ಹಾಗೇ ನಂಬಬೇಡಿ. ನನ್ನ ಕಾರಿನ ಎಂಜಿನ್ ಈಗ ಪೂರ್ತಿ ಬಿಚ್ಚಿ ಕೂತಿದೆ. ಅದಕ್ಕೆ ಕಾರಣ ಆ ಚಿಕ್ಕ ಕೊಳವೆ.

ಹಳೆ ಟ್ಯೂಬ್‌ನ ಬುಡಕ್ಕೆ ತುಕ್ಕು ಹಿಡಿದಿತ್ತು. ಬ್ಲಾಕ್‌ಗೆ (ಎಂಜಿನ್‌ನ ಮುಖ್ಯ ಒಡಲಿಗೆ) ಸೇರುವ ಜಾಗದಲ್ಲಿ ಆಯಿಲ್ ಜಿನುಗಿ, ಅದರ ಮೇಲೆ ಧೂಳು ಕೂತು, ಸದಾ ಕಪ್ಪಗೆ ಮೆತ್ತಿಕೊಂಡಿರುತ್ತಿತ್ತು. ಹಳೆ ಕಾರುಗಳ ಕೆಲಸ ಗೊತ್ತು ಅನ್ನುವ ಗ್ಯಾರೇಜ್‌ಗೆ ಕೊಟ್ಟೆ. ಒರಿಜಿನಲ್ ಟ್ಯೂಬ್ ಈಗ ಸಿಗಲ್ಲ, ಇದೇ ಎಂಜಿನ್‌ಗೆ ಅಂತ ಬೇರೆಯವರು ಮಾಡಿದ್ದು ಸಿಗತ್ತೆ ಅಂದರು. ಅದನ್ನೇ ಹಾಕಿ, ಆಯಿಲ್ ಚೇಂಜ್ ಮಾಡಿ ಕೊಟ್ಟರು. ಜಿನುಗುವುದು ನಿಂತಿತು. ಕೆಲಸ ನೀಟಾಗಿ ಕಾಣುತ್ತಿತ್ತು.

ಆಮೇಲೆ ಶುರುವಾಯಿತು ನೋಡಿ. ಜೋರಾಗಿ ಬ್ರೇಕ್ ಹಾಕಿದರೆ ಆಯಿಲ್ ಪ್ರೆಶರ್ ದೀಪ ಮಿಣುಕ್ ಅನ್ನುತ್ತಿತ್ತು. ಉದ್ದನೆಯ ತಿರುವಿನಲ್ಲೂ ಅಷ್ಟೇ. ಕಡ್ಡಿ ತೆಗೆದು ನೋಡಿದರೆ ಮೇಲಿನ ಗೆರೆವರೆಗೂ ಆಯಿಲ್! ಗ್ಯಾರೇಜ್‌ನವರೂ ಅದನ್ನೇ ನೋಡಿ, "ಆಯಿಲ್ ಫುಲ್ ಇದೆ ಸಾರ್, ಸ್ವಿಚ್ ಹಳೇದಾಗಿದೆ" ಅಂದು ಆ ದೀಪ ಹೊತ್ತಿಸುವ ಪ್ರೆಶರ್ ಸ್ವಿಚ್ ಬದಲಿಸಿದರು. ದೀಪ ಮತ್ತೆ ಮಿಣುಕಿತು. ಈ ಸಲ ವೈರಿಂಗ್ ಮೇಲೆ ತಪ್ಪು ಹೊರಿಸಿದರು.

ನಿಜ ಹೊರಬಂದಿದ್ದು ಇನ್ನೊಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದಾಗ. ಅವರು ಸ್ವಿಚ್ ಕಡೆ ತಿರುಗಿಯೂ ನೋಡಲಿಲ್ಲ. ಆಯಿಲ್ ಪೂರ್ತಿ ಇಳಿಸಿ, ಫಿಲ್ಟರ್‌ನಲ್ಲಿದ್ದದ್ದನ್ನೂ ಬಸಿದು, ಅಳತೆ ಜಗ್‌ಗೆ ಸುರಿದರು. ಫಿಲ್ಟರ್ ಸೇರಿ 4 ಲೀಟರ್ ಹಿಡಿಯುವ ಎಂಜಿನ್ ಅದು. ಜಗ್‌ನಲ್ಲಿ 3 ಲೀಟರ್ ಕೂಡ ಇರಲಿಲ್ಲ. ಎಲ್ಲೂ ಸೋರಿಲ್ಲ, ಸೈಲೆನ್ಸರ್‌ನಲ್ಲಿ ನೀಲಿ ಹೊಗೆಯೂ ಇಲ್ಲ. ಹಾಗಾದರೆ ಒಂದು ಲೀಟರ್‌ಗಿಂತ ಜಾಸ್ತಿ ಆಯಿಲ್ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಿರಲಿಲ್ಲ. ಹಾಕಿದ್ದೇ ಅಷ್ಟು. ಕಡ್ಡಿಯಲ್ಲಿ ಮೇಲಿನ ಗೆರೆ ಬಂತು ಅಂತ ಗ್ಯಾರೇಜ್‌ನವರು ಅಲ್ಲಿಗೇ ನಿಲ್ಲಿಸಿದ್ದರು.

ಇದು ಹೇಗಾಗುತ್ತೆ ಅಂತ ಸರಿಯಾಗಿ ತಿಳಿದುಕೊಳ್ಳಿ. ಡಿಪ್‌ಸ್ಟಿಕ್‌ನ ತಲೆ ಕೂರುವುದು ಟ್ಯೂಬ್‌ನ ಬಾಯಿ ಮೇಲೆ. ಅಂದರೆ ಕಡ್ಡಿಯ ತುದಿ ಚೇಂಬರ್‌ನಲ್ಲಿ (ಎಂಜಿನ್‌ನ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿಯಲ್ಲಿ) ಎಷ್ಟು ಆಳಕ್ಕೆ ಇಳಿಯಬೇಕು ಅನ್ನುವುದನ್ನು ತೀರ್ಮಾನ ಮಾಡುವುದೇ ಟ್ಯೂಬ್. ಹೊಸ ಟ್ಯೂಬ್ ಗಿಡ್ಡ ಇದ್ದರೆ ಅಥವಾ ಬೇಕಾದ್ದಕ್ಕಿಂತ ಒಳಗೆ ಹೊಡೆದಿದ್ದರೆ ಕಡ್ಡಿ ಜಾಸ್ತಿ ಕೆಳಗೆ ಇಳಿಯುತ್ತೆ. ಕಡಿಮೆ ಆಯಿಲ್‌ಗೇ ಫುಲ್ ಅಂತ ತೋರಿಸುತ್ತೆ. ಒಂದು ಸೆಂಟಿಮೀಟರ್ ತಾನೇ ಅನ್ನಬೇಡಿ. ಚೇಂಬರ್‌ನ ಒಳಗೆ ಆಯಿಲ್ ಹರಡುವ ಜಾಗ 40 ಸೆಂಟಿಮೀಟರ್ ಉದ್ದ, 25 ಸೆಂಟಿಮೀಟರ್ ಅಗಲ ಇದ್ದರೆ, ಒಂದು ಸೆಂಟಿಮೀಟರ್ ಅಂದರೆ ಪೂರ್ತಿ ಒಂದು ಲೀಟರ್. ಅಷ್ಟು ಕಡಿಮೆ ಆದಾಗ, ಬ್ರೇಕ್ ಹಾಕಿದರೆ ಆಯಿಲ್ ಒಂದು ಕಡೆ ಸರಿದು ಪಂಪ್ ಗಾಳಿ ಎಳೆಯುತ್ತೆ. ದೀಪ ಮಿಣುಕುತ್ತಿದ್ದದ್ದು ಅದಕ್ಕೇ.

ಟ್ಯೂಬ್ ಉದ್ದ ಜಾಸ್ತಿ ಇದ್ದರೆ ಇದರ ಉಲ್ಟಾ. ಕಡ್ಡಿ ಸದಾ ಕಡಿಮೆ ತೋರಿಸುತ್ತೆ, ನಾವು ಸುರಿಯುತ್ತಾ ಹೋಗುತ್ತೇವೆ. ಚೇಂಬರ್ ಮೇಲೆ ತಿರುಗುವ ದಪ್ಪ ಶಾಫ್ಟ್, ಅಂದರೆ ಕ್ರ್ಯಾಂಕ್, ಆ ಆಯಿಲನ್ನು ಕಡೆದು ನೊರೆ ಮಾಡುತ್ತೆ. ನೊರೆಯಾದ ಆಯಿಲ್ ಬೇರಿಂಗ್ ಕಾಯುವುದಿಲ್ಲ.

"ಇದೇ ಎಂಜಿನ್‌ದು" ಅನ್ನುವ ಮಾತೂ ಸಾಕಾಗಲ್ಲ. ಶೆವರ್ಲೆಯ ಸ್ಮಾಲ್ ಬ್ಲಾಕ್ ವಿ8 ಎಂಜಿನನ್ನೇ ತಗೊಳ್ಳಿ. 1955ರಲ್ಲಿ ಬಂದ ಈ ಎಂಜಿನ್‌ಗೆ 1979ರವರೆಗೆ ಡಿಪ್‌ಸ್ಟಿಕ್ ಎಡಗಡೆ ಇತ್ತು, 1980ರಿಂದ ಬಲಗಡೆಗೆ ಬಂತು. ಹೆಸರು ಒಂದೇ, ಬ್ಲಾಕ್ ಬೇರೆ, ಟ್ಯೂಬ್ ಬೇರೆ, ಚೇಂಬರ್ ಕೂಡ ಬೇರೆ. ಅಲ್ಲಾದರೂ ಕಣ್ಣಿಗೇ ಕಾಣುವ ವ್ಯತ್ಯಾಸ. ಅಳತೆಯ ವ್ಯತ್ಯಾಸ ಕಣ್ಣಿಗೆ ಕಾಣುವುದೇ ಇಲ್ಲ.

ನನ್ನ ಚೇಂಬರ್ ಬಿಚ್ಚಿದಾಗ ಕಂಡದ್ದು ಇಷ್ಟು. ಒರಿಜಿನಲ್ ಟ್ಯೂಬ್‌ನಲ್ಲಿ ಬುಡದ ಹತ್ತಿರ ಒಂದು ಉಬ್ಬಿದ ಉಂಗುರ ಇತ್ತು. ಅದು ಬ್ಲಾಕ್‌ಗೆ ತಾಗಿದರೆ ಸಾಕು, ಟ್ಯೂಬ್ ಅದಕ್ಕಿಂತ ಒಳಗೆ ಹೋಗಲ್ಲ. ಹೊಸದರಲ್ಲಿ ಆ ಉಂಗುರವೇ ಇಲ್ಲ. ಸುತ್ತಿಗೆ ನಿಂತ ಕಡೆ ಟ್ಯೂಬ್ ನಿಂತಿದೆ. ಅದರ ಕೆಳತುದಿ ಬ್ಲಾಕ್ ಒಳಗೆ ಚಾಚಿಕೊಂಡಿತ್ತು. ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿದರೆ ಅದರ ತೂಕದ ಭಾಗ ಆ ತುದಿಯನ್ನು ಸವರಿಕೊಂಡೇ ಹೋಗುತ್ತಿತ್ತು ಅನ್ನಬೇಕು, ನಡುವೆ ಒಂದು ಹಾಳೆ ತೂರಿಸುವಷ್ಟೇ ಜಾಗ. ಆಯಿಲ್ ಪಂಪ್‌ನ ಜಾಲರಿಗೆ ಅಂಟಿಕೊಂಡು ತುಕ್ಕು ಹಿಡಿದ ಒಂದು ತಗಡಿನ ಚೂರು, ಅರ್ಧಚಂದ್ರದ ಆಕಾರದ್ದು. ಹಳೆ ಟ್ಯೂಬ್ ಕೀಳುವಾಗ ಮುರಿದು ಒಳಗೆ ಬಿದ್ದದ್ದು. ಜೊತೆಗೆ ಟ್ಯೂಬ್ ಸುತ್ತ ಮೆತ್ತಿದ್ದ ಸಿಲಿಕೋನ್ ಪೇಸ್ಟ್‌ನ ಎಳೆಗಳು. ಕನೆಕ್ಟಿಂಗ್ ರಾಡ್ ಬೇರಿಂಗ್‌ಗಳ ಬೂದು ಪದರ ಸವೆದು ತಾಮ್ರ ಕಾಣುತ್ತಿತ್ತು. ಅದನ್ನು ನೋಡಿದಾಗ ಆದ ಸಂಕಟ ಹೇಳಲು ಬರಲ್ಲ.

ನೀವು ಈ ಕೆಲಸ ಮಾಡಿಸುವುದಾದರೆ, ಹಳೆ ಟ್ಯೂಬ್ ಕೀಳುವ ಮೊದಲೇ ಬ್ಲಾಕ್‌ನಿಂದ ಟ್ಯೂಬ್‌ನ ಬಾಯಿವರೆಗೆ ಅಳತೆ ತೆಗೆದು ಬರೆದಿಡಿ, ಫೋಟೊ ಹೊಡೆದಿಡಿ. ಟ್ಯೂಬ್ ಬ್ಲಾಕ್ ಮಟ್ಟಕ್ಕೇ ಮುರಿದರೆ ಡ್ರಿಲ್ ಹಾಕಲು ಬಿಡಬೇಡಿ, ಪುಡಿಯೆಲ್ಲ ಚೇಂಬರ್‌ಗೇ ಬೀಳುತ್ತೆ. ಚೇಂಬರ್ ಇಳಿಸಿಯೇ ಉಳಿದ ತುಂಡನ್ನು ತೆಗೆಯಲಿ. ತುಂಡಿನೊಳಗೆ ಟ್ಯಾಪ್ (ಮರೆ ಕೊರೆಯುವ ಉಪಕರಣ) ಹೊಡೆದು ಬೋಲ್ಟ್ ಹಾಕಿ ಎಳೆಯುವುದಾದರೂ ಟ್ಯಾಪ್‌ಗೆ ದಪ್ಪಗೆ ಗ್ರೀಸ್ ಬಳಿದಿರಬೇಕು, ಪುಡಿ ಅದಕ್ಕೇ ಅಂಟುತ್ತೆ. ಹೊಸದನ್ನು ಕೂರಿಸುವಾಗ ಬಾಯಿಗೆ ನೇರ ಸುತ್ತಿಗೆ ಬೀಳಬಾರದು. ಬಾಯಿ ಅರಳಿದರೆ ಕಡ್ಡಿ ಕೂರುವ ಜಾಗವೇ ಬದಲಾಗುತ್ತೆ. ಬುಡಕ್ಕೆ ಸಿಲಿಕೋನ್ ಬೇಡ, ಟೈಟಾಗಿ ಕೂರುವ ಭಾಗಗಳಿಗೆ ಹಾಕುವ ಲಾಕಿಂಗ್ ದ್ರವ ತೆಳ್ಳಗೆ ಸವರಿದರೆ ಸಾಕು. ಮೇಲಿನ ಕ್ಲಾಂಪ್ ಬಿಡಬೇಡಿ. ಅದಿಲ್ಲದಿದ್ದರೆ ಟ್ಯೂಬ್ ಅದುರಿ ಅದುರಿ ಬುಡದಲ್ಲೇ ಬಿರುಕು ಬಿಡುತ್ತೆ. ಸ್ಟಾರ್ಟ್ ಮಾಡುವ ಮುಂಚೆ ಸ್ಪಾರ್ಕ್ ಪ್ಲಗ್ ತೆಗೆದು ಕ್ರ್ಯಾಂಕನ್ನು ಕೈಯಲ್ಲಿ ಪೂರ್ತಿ ಎರಡು ಸುತ್ತು ತಿರುಗಿಸಿ. ಎಲ್ಲೂ ತಾಗಬಾರದು.

ಎಲ್ಲಕ್ಕಿಂತ ಮುಖ್ಯ ಇದು: ಆಯಿಲ್ ಪೂರ್ತಿ ಇಳಿಸಿ, ಹೊಸ ಫಿಲ್ಟರ್ ಹಾಕಿ, ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟೇ ಆಯಿಲನ್ನು ಅಳೆದು ಸುರಿಯಿರಿ. ಸ್ವಲ್ಪ ಹೊತ್ತು ಎಂಜಿನ್ ಓಡಿಸಿ ನಿಲ್ಲಿಸಿ. ಸಮತಟ್ಟು ಜಾಗದಲ್ಲಿ, ಆಯಿಲ್ ಕೆಳಗಿಳಿಯುವಷ್ಟು ಹೊತ್ತು ಬಿಟ್ಟು ಕಡ್ಡಿ ತೆಗೆದು ನೋಡಿ. ಆಯಿಲ್ ನಿಂತಿರುವುದು ಮೇಲಿನ ಗೆರೆಗಲ್ಲದಿದ್ದರೆ ಆ ಟ್ಯೂಬ್‌ಗೂ ಆ ಕಡ್ಡಿಗೂ ಜೋಡಿ ಸರಿಯಿಲ್ಲ. ಟ್ಯೂಬ್ ಮತ್ತು ಕಡ್ಡಿ ಒಂದೇ ಸೆಟ್‌ನಲ್ಲಿ ಬಂದಿದ್ದರೂ ಹೀಗೇ ನೋಡಿ.

ಹಳೆ ಟ್ಯೂಬನ್ನು ಗ್ಯಾರೇಜ್‌ನಿಂದ ಕೇಳಿ ವಾಪಸ್ ತಗೊಳ್ಳಿ. ಮುರಿದಿದ್ದರೆ ತುಂಡುಗಳನ್ನು ಮೇಜಿನ ಮೇಲೆ ಜೋಡಿಸಿ ನೋಡಿ. ಒಂದು ಚೂರು ಕಡಿಮೆ ಬಿದ್ದರೂ ಅದು ಚೇಂಬರ್‌ನಲ್ಲಿರಬಹುದು. ಅದು ಸಿಗುವವರೆಗೆ ಎಂಜಿನ್ ಸ್ಟಾರ್ಟ್ ಮಾಡಲು ಬಿಡಬೇಡಿ.